ಒಂಟಿ ಕೋಣೆಯ ಹಾಡಿನಲ್ಲಿ ನೆರೆಯವನು

ಕಪ್ಪದೋಕ್ಯದ ಕೈಸರೈಯದ ಸಂತ ಬೆಸಿಲರು ನಾಲ್ಕನೆಯ ಶತಮಾನದಲ್ಲಿ ಸನ್ಯಾಸಿಗಳಿಗಾಗಿ ಬರೆದ ವಿಸ್ತೃತ ನಿಯಮಗಳ ಏಳನೆಯ ಉತ್ತರದಲ್ಲಿ ಒಂಟಿವಾಸದ ವಿರುದ್ಧ ಒಂದು ಸರಳವಾದ ಆಕ್ಷೇಪಣೆಯಿದೆ. ಕರ್ತನು ತನ್ನ ಶಿಷ್ಯರ ಪಾದಗಳನ್ನು ತೊಳೆದು ನಮಗೆ ಮಾದರಿಯನ್ನು ಬಿಟ್ಟುಹೋದನು. ಒಬ್ಬನೇ ವಾಸಿಸುವವನು ಆ ಮಾದರಿಯನ್ನು ಯಾರ ವಿಷಯದಲ್ಲಿ ಅನುಸರಿಸುವನು ಎಂಬುದು ಅವರ ಪ್ರಶ್ನೆ. ಬೆಸಿಲರು ಏಕಾಂತದ ವೈರಿಯಾಗಿರಲಿಲ್ಲ. ಪೊಂತದ ನದೀತೀರದಲ್ಲಿ ಅದನ್ನು ತಾವೇ ಅರಸಿಕೊಂಡು ಹೋಗಿದ್ದವರು. ಆದ್ದರಿಂದಲೇ ಅವರ ಮಾತಿಗೆ ತೂಕವಿದೆ. ಏಕಾಂತವನ್ನು ಅದರ ಕಠಿಣತೆಯಿಂದ ಅಳೆಯಲಾಗದು. ಅದರೊಳಗೆ ನೆರೆಯವನಿಗೆ ಎಡೆಯಿದೆಯೋ ಇಲ್ಲವೋ ಎಂಬುದರಿಂದ ಅಳೆಯಬೇಕು ಎಂಬುದು ಅವರ ನಿಲುವಿನ ತಿರುಳು.

ಈ ಅಳತೆಗೋಲನ್ನು ಬೆಸಿಲರು ಊಹಿಸಿಯೂ ಇರದ ಒಂದು ಎಡೆಗೆ ಕೊಂಡೊಯ್ಯುವುದು ಪ್ರಸ್ತುತ ಲೇಖನದ ಉದ್ದೇಶ. ಮನೆಯಲ್ಲಿ, ಬಹುಮಟ್ಟಿಗೆ ಒಬ್ಬರೇ ಇದ್ದು, ಸಾಧಾರಣ ಯಂತ್ರಗಳಿಂದ ಧ್ವನಿಮುದ್ರಿಸಿಕೊಂಡ ಸಂಗೀತವು ಕಳೆದ ನಾಲ್ಕೈದು ದಶಕಗಳಲ್ಲಿ ಒಂದು ಪ್ರತ್ಯೇಕ ಪರಂಪರೆಯಾಗಿಯೇ ಬೆಳೆದಿದೆ. ಫಿಲಿಪ್ಸ್ ಕಂಪನಿಯು 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಿತು. 1979ರಲ್ಲಿ ಟಿಯಾಕ್ ಕಂಪನಿಯ ‘ಪೋರ್ಟಾಸ್ಟುಡಿಯೊ’ ಎಂಬ ಯಂತ್ರವು ಅದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಬೇರೆಬೇರೆ ಧ್ವನಿಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸಿ ಕೂಡಿಸಲು ಅನುವು ಮಾಡಿಕೊಟ್ಟಿತು. ಇಂದು ಆ ಕೆಲಸವನ್ನು ಮೊಬೈಲ್ ಫೋನೇ ಮಾಡುತ್ತದೆ. ಹಾಡುವವನು, ವಾದ್ಯಗಾರ, ತಂತ್ರಜ್ಞ, ಮೊದಲ ಕೇಳುಗ, ಈ ನಾಲ್ವರೂ ಒಬ್ಬನೇ ಆಗಬಹುದಾದ ಸ್ಥಿತಿಯು ಸಂಗೀತದ ಚರಿತ್ರೆಯಲ್ಲಿ ಹಿಂದೆ ಇರಲಿಲ್ಲ. ಹಾಡು ಸಭೆಯಲ್ಲಿ ಹುಟ್ಟಿ ಸಭೆಗೆ ಸಲ್ಲುವುದೆಂದು ನಂಬಿಬಂದ ನಮಗೆ ಇದು ಸಣ್ಣ ವಿಷಯವಲ್ಲ. ನಮ್ಮ ಯುವಕ ಯುವತಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿರುವುದು ಅನೇಕ ಸಲ ಇಂಥದ್ದನ್ನೇ; ಅವರಲ್ಲಿ ಕೆಲವರು ಬಾಗಿಲು ಹಾಕಿಕೊಂಡು ಮಾಡುತ್ತಿರುವುದೂ ಇದನ್ನೇ. ನಾಲ್ವರ ಧ್ವನಿಮುದ್ರಣಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ. ನಾಲ್ವರಿಗೂ ಸಮಾನ ಸ್ಥಳ ಕೊಟ್ಟಿಲ್ಲ, ನನ್ನ ದೃಷ್ಟಿಯಲ್ಲಿ ಸಮಾನ ಬೆಲೆಯೂ ಇಲ್ಲ.

ಮೊದಲನೆಯದು ಎಲ್ಲಕ್ಕಿಂತ ಪ್ರಸಿದ್ಧವಾದದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಸ್ಟಿನ್ ವರ್ನನ್ ಎಂಬ ಗಾಯಕರು, ವಾದ್ಯತಂಡ ಒಡೆದು, ಪ್ರೇಮ ಮುರಿದು, ಕಾಯಿಲೆಯಿಂದ ಸೊರಗಿ, 2006ರ ಚಳಿಗಾಲದಲ್ಲಿ ಕಾಡಿನ ನಡುವೆ ಇದ್ದ ತಂದೆಯ ಬೇಟೆಮನೆಗೆ ಹೋಗಿ ಸುಮಾರು ಮೂರು ತಿಂಗಳು ಕಳೆದರು. ಅಲ್ಲಿ ಮುದ್ರಿಸಿಕೊಂಡ ಹಾಡುಗಳು ‘ಬಾನ್ ಈವೇರ್’ ಎಂಬ ಹೆಸರಿನಲ್ಲಿ ‘ಫಾರ್ ಎಮ್ಮಾ, ಫಾರೆವರ್ ಅಗೊ’ ಎಂಬ ಸಂಕಲನವಾಗಿ 2007ರಲ್ಲಿ ಅವರಿಂದಲೇ, 2008ರಲ್ಲಿ ಒಂದು ಕಂಪನಿಯ ಮೂಲಕ ಹೊರಬಂದವು. ಈ ಸಂಕಲನದ ಕುರಿತು ಬರೆದವರೆಲ್ಲ ಹಾಡುಗಳಿಗಿಂತ ಮುಂಚೆ ಆ ಮನೆಯನ್ನು ವರ್ಣಿಸುತ್ತಾರೆ. ನಷ್ಟ, ಅರಣ್ಯ, ಹಿಮ, ಸೌದೆ, ಹೋರಾಟ, ಕೊನೆಗೆ ಕೈಯಲ್ಲೊಂದು ಕಾಣಿಕೆ ಹಿಡಿದು ಮರಳುವಿಕೆ: ಅಥನಾಸಿಯುಸರು ಬರೆದ ಅಂತೋನಿಯ ಚರಿತ್ರೆಯನ್ನು ಓದಿದವರಿಗೆ ಈ ಕಥನದ ಅಚ್ಚು ಹೊಸದಲ್ಲ. ಲೌಕಿಕ ಜಗತ್ತು ಸಂತಚರಿತ್ರೆಗಳನ್ನು ಓದುವುದನ್ನು ಬಿಟ್ಟರೂ ಬರೆಯುವುದನ್ನು ಬಿಟ್ಟಿಲ್ಲ.

ಕಥನ ಮರೆಸುವ ಸಂಗತಿಗಳಿವೆ. ಆ ಮನೆ ತಂದೆಯದು. ಸಂಕಲನದ ತುತ್ತೂರಿಯ ಭಾಗಗಳನ್ನು ನುಡಿಸಿದವರು ಬೇರೆಯವರು. ಒಂಟಿಯಾಗಿದ್ದನೆನ್ನುವ ಅಂತೋನಿಗೂ ಪಾಳುಕೋಟೆಯ ಗೋಡೆಯಾಚೆಯಿಂದ ವರ್ಷಕ್ಕೆರಡು ಸಲ ರೊಟ್ಟಿ ತಂದುಕೊಡುವವರಿದ್ದರೆಂದು ಅಥನಾಸಿಯುಸರೇ ಬರೆದಿದ್ದಾರೆ. ಏಕಾಂತವೆಂಬುದು ಯಾರದೋ ರೊಟ್ಟಿಯ ಮೇಲೆ ನಿಂತ ಏಕಾಂತ. ಇದು ಕೊರತೆಯಲ್ಲ, ಆದರೆ ಅದನ್ನು ಮುಚ್ಚಿಡುವ ಪ್ರಶಂಸೆ ಮಾತ್ರ ಸುಳ್ಳು.

ಇನ್ನು ಹಾಡುಗಳಿಗೆ ಬರೋಣ. ವರ್ನನ್ನರ ವಿಶೇಷ ಸಾಧನೆ ಅವರ ದನಿಯ ಪದರಗಳಲ್ಲಿದೆ. ಗಂಡುದನಿಯನ್ನು ಎತ್ತರಕ್ಕೇರಿಸಿ ಸಣ್ಣದಾಗಿಸಿದ ಒಂದು ಕಂಠ, ಅದರ ಮೇಲೆ ಅದೇ ಕಂಠ, ಮತ್ತೆ ಅದೇ. ಒಬ್ಬ ಮನುಷ್ಯ ತನ್ನೊಬ್ಬನಿಂದಲೇ ಒಂದು ಗಾಯನವೃಂದವನ್ನು ಕಟ್ಟುತ್ತಾನೆ. ಕೇಳಲು ಅದು ಬಹಳ ಸುಂದರವಾಗಿದೆ, ಈ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ವೃಂದದಲ್ಲಿ ಶ್ರುತಿ ತಪ್ಪುವ ಇನ್ನೊಬ್ಬನಿಲ್ಲ. ತಡವಾಗಿ ಬರುವ ಅಜ್ಜಿಯಿಲ್ಲ, ಪಲ್ಲವಿಗೆ ಮುಂಚೆಯೇ ಧಾವಿಸುವ ಹುಡುಗನಿಲ್ಲ. ಭಾನುವಾರದ ಆರಾಧನೆಯಲ್ಲಿ ನಮ್ಮ ತಾಳ್ಮೆಯನ್ನು ಪರೀಕ್ಷಿಸುವ, ಹಾಗೆ ಪರೀಕ್ಷಿಸುವುದರಿಂದಲೇ ನಮ್ಮನ್ನು ಸಭೆಯನ್ನಾಗಿ ಮಾಡುವ ಆ ಪಕ್ಕದ ದನಿ ಇಲ್ಲಿ ಇಲ್ಲವೇ ಇಲ್ಲ. ವರ್ನನ್ನರು ವಿಶ್ವವಿದ್ಯಾನಿಲಯದಲ್ಲಿ ಧರ್ಮಗಳ ಅಧ್ಯಯನ ಮಾಡಿದವರು. ತಾವು ಕಟ್ಟುತ್ತಿರುವುದು ಒಂದು ಗಾಯನವೃಂದದ ನೆರಳನ್ನು ಎಂಬುದು ಅವರಿಗೆ ತಿಳಿಯದೆ ಇರಲಾರದು.

ಹೋರೇಬಿನ ಗವಿಯಲ್ಲಿ ಎಲೀಯನು ತಾನೊಬ್ಬನೇ ಉಳಿದಿದ್ದೇನೆಂದು ಎರಡು ಸಲ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ದೂರುತ್ತಾನೆ (1 ಅರಸುಗಳು 19). ನಾವು ಈ ಅಧ್ಯಾಯವನ್ನು ಬೋಧಿಸುವಾಗ ಗಾಳಿ, ಭೂಕಂಪ, ಬೆಂಕಿಗಳ ನಂತರದ ಆ ಮೆಲುದನಿಯಲ್ಲಿಯೇ ನಿಂತುಬಿಡುತ್ತೇವೆ. ಆದರೆ ಮೆಲುದನಿಯಾದ ಮೇಲೂ ಎಲೀಯನು ಅದೇ ದೂರನ್ನು ಹೇಳುತ್ತಾನೆ. ಏಕಾಂತದ ಅನುಭವವೊಂದೇ ಅವನನ್ನು ಬದಲಿಸಲಿಲ್ಲ. ಅವನಿಗೆ ದೊರೆತ ಉತ್ತರದಲ್ಲಿ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದಾರೆ, ಹೊಲ ಉಳುತ್ತಿರುವ ಎಲೀಷನಿದ್ದಾನೆ. ವರ್ನನ್ನರ ಸಂಕಲನ ಮೊದಲ ದೂರಿಗೂ ಎರಡನೆಯ ದೂರಿಗೂ ನಡುವೆ ನಿಂತಿದೆ ಎಂದು ನನಗೆ ತೋರುತ್ತದೆ. ಮುಂದೆ ಕಚೇರಿಗಳಲ್ಲಿ ‘ದ ವುಲ್ವ್ಸ್’ ಎಂಬ ಹಾಡಿನ ಕೊನೆಯನ್ನು ಅವರು ಸಭಿಕರೇ ಹಾಡುವಂತೆ ಮಾಡಿದರು. ಗವಿಯಲ್ಲಿ ಒಬ್ಬನೇ ಹೆಣೆದ ವೃಂದದ ಖಾಲಿ ಜಾಗಗಳಲ್ಲಿ ಸಾವಿರಾರು ಅಪರಿಚಿತರು ಬಂದು ನಿಂತರು. ಹಾಡು ಮುಗಿದದ್ದು ಆಗ. ಮುದ್ರಿಕೆಯಲ್ಲಿ ಅದು ಅರ್ಧ ಮಾತ್ರ.

ಇಲ್ಲಿ ಬಾನ್‌ಹೋಫರರನ್ನು ನೆನೆಯದೆ ಮುಂದೆ ಹೋಗಲಾಗದು. ಗೆಸ್ಟಾಪೊ 1937ರಲ್ಲಿ ಮುಚ್ಚಿಸಿದ ಫಿಂಕೆನ್‌ವಾಲ್ಡೆ ಸೆಮಿನರಿಯ ಅನುಭವದಿಂದ ಅವರು ಬರೆದ ಸಹಜೀವನದ ಕಿರುಗ್ರಂಥವು ಏಕಾಂತದ ದಿನ ಮತ್ತು ಕೂಡುಬಾಳಿನ ದಿನ ಎರಡೂ ಪರಸ್ಪರ ಕಾವಲಾಗಿರಬೇಕೆಂದು ವಾದಿಸುತ್ತದೆ. ಹಾಡಿನ ವಿಷಯದಲ್ಲಿ ಅವರು ಅಲ್ಲಿ ಬಹಳ ಕಟ್ಟುನಿಟ್ಟು: ಸಭೆ ಏಕಧ್ವನಿಯಲ್ಲಿ ಹಾಡಬೇಕು, ತನ್ನ ಕಂಠದ ಚಮತ್ಕಾರ ತೋರಿಸುವವನು ಸಭೆಗೆ ಹೊರೆ. ಆದರೆ ಅದೇ ಬಾನ್‌ಹೋಫರರು ಟೇಗೆಲ್ ಸೆರೆಮನೆಯ ಒಂಟಿ ಕೋಣೆಯಿಂದ 1944ರ ಮೇ ತಿಂಗಳಲ್ಲಿ ಸ್ನೇಹಿತ ಬೆತ್ಗೆಯವರಿಗೆ ಬರೆದ ಪತ್ರದಲ್ಲಿ ಬಹುಧ್ವನಿಯ ರೂಪಕವನ್ನು ಬಳಸುತ್ತಾರೆ. ದೇವರ ಮೇಲಿನ ಪ್ರೀತಿ ಸ್ಥಾಯಿಯಾದ ಮೂಲಗೀತವಾಗಿದ್ದರೆ, ಇಹದ ಪ್ರೀತಿಗಳು ಅದರ ಸುತ್ತ ಸ್ವತಂತ್ರವಾಗಿ ಚಲಿಸುವ ಪ್ರತಿಸ್ವರಗಳಾಗಬಲ್ಲವು ಎನ್ನುತ್ತಾರೆ. ಸಭೆಯ ನಡುವೆ ಇದ್ದಾಗ ಏಕಧ್ವನಿಯನ್ನು ಬೋಧಿಸಿದವರಿಗೆ ಒಂಟಿಯಾದಾಗ ಬಹುಧ್ವನಿ ಕೇಳಿಸಿತು. ಅವರ ಕೋಣೆಯಲ್ಲಿ ಧ್ವನಿಮುದ್ರಣದ ಯಂತ್ರವಿರಲಿಲ್ಲ. ಇದ್ದದ್ದು ಪತ್ರ, ಅಂದರೆ ಒಬ್ಬ ನಿಶ್ಚಿತ ವ್ಯಕ್ತಿಯನ್ನು ಹೆಸರಿಡಿದು ಕರೆಯುವ ಸಾಧನ. (2020ರಲ್ಲಿ ಆಲಯಗಳು ಮುಚ್ಚಿದ್ದಾಗ ನಮ್ಮ ಸಭೆಗಳಲ್ಲಿಯೂ ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲಿ ಹಾಡಿ ಕಳುಹಿಸಿದ ದನಿಗಳನ್ನು ಜೋಡಿಸಿ ಗೀತೆಗಳನ್ನು ಮಾಡಿದೆವು. ಶ್ರುತಿಯ ದೃಷ್ಟಿಯಿಂದ ಅವುಗಳಲ್ಲಿ ಬಹುತೇಕ ಸಾಧಾರಣ. ಆದರೆ ಪ್ರತಿಯೊಬ್ಬನೂ ಕಿವಿಯಲ್ಲಿ ಇನ್ನೊಬ್ಬನ ದನಿಯನ್ನು ಕೇಳಿಕೊಂಡೇ ಹಾಡಿದ್ದನು ಎಂಬುದನ್ನು ಮರೆಯಬಾರದು.)

ಸಂಬೋಧನೆಯ ಈ ಅಂಶ ನನಗೆ ಮುಖ್ಯವೆನಿಸುತ್ತದೆ. ಕನ್ನಡದ ವಚನಕಾರರ ಅಂಕಿತಗಳು ಬಹುಮಟ್ಟಿಗೆ ಸಂಬೋಧನಾ ವಿಭಕ್ತಿಯಲ್ಲಿರುವುದನ್ನು ನಾವು ಬಲ್ಲೆವು. ಎಷ್ಟೇ ಒಳಗಿನ ಮಾತಾದರೂ ಕೊನೆಗೆ ಅದು ಯಾರನ್ನೋ ಕೂಗಿ ಕರೆಯುತ್ತದೆ. ಕೀರ್ತನೆಗಳ ಸ್ವಭಾವವೂ ಅದೇ. ಹಾಗಾದರೆ ಒಂಟಿ ಕೋಣೆಯ ಹಾಡನ್ನು ವಿಮರ್ಶಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ವ್ಯಾಕರಣದ್ದು: ಈ ಹಾಡಿನ ‘ನೀನು’ ಯಾರು?

ಡೇನಿಯಲ್ ಜಾನ್‌ಸ್ಟನ್ನರ ಒಂದು ಕ್ಯಾಸೆಟ್ಟಿನ ಹೆಸರೇ ಸಂಬೋಧನೆ: 1983ರ ‘ಹಾಯ್, ಹೌ ಆರ್ ಯು’, ಅಂದರೆ ಬಾಗಿಲಲ್ಲಿ ನಿಂತವನು ಆಡುವ ಕ್ಷೇಮಸಮಾಚಾರದ ಮಾತು. 1961ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಈ ಅಮೆರಿಕನ್ ಗಾಯಕರು ಬೆಳೆದದ್ದು ಆರಾಧನೆಯಲ್ಲಿ ವಾದ್ಯಗಳನ್ನೇ ಬಳಸದ ‘ಚರ್ಚಸ್ ಆಫ್ ಕ್ರೈಸ್ಟ್’ ಪರಂಪರೆಯ ಕುಟುಂಬದಲ್ಲಿ. ವೆಸ್ಟ್ ವರ್ಜೀನಿಯದ ಮನೆಯ ನೆಲಮಾಳಿಗೆಯಲ್ಲಿ, ಆಮೇಲೆ ಟೆಕ್ಸಾಸಿನಲ್ಲಿ ಅಣ್ಣನ ಮನೆಯ ಗ್ಯಾರೇಜಿನಲ್ಲಿ, ಅಗ್ಗದ ಟೇಪ್‌ರೆಕಾರ್ಡರ್ ಒಂದರ ಮುಂದೆ ಅವರು ಹಾಡಿದರು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡುವ ಸಾಧನ ಮೊದಲಿಗೆ ಅವರಲ್ಲಿರಲಿಲ್ಲ. ಯಾರಿಗಾದರೂ ಪ್ರತಿ ಬೇಕಾದರೆ ಎಲ್ಲ ಹಾಡುಗಳನ್ನೂ ಮತ್ತೆ ಮೊದಲಿನಿಂದ ಹಾಡಿ ಮುದ್ರಿಸಿ ಕೊಡುತ್ತಿದ್ದರು. ಕಲೆಯನ್ನು ಸರಕನ್ನಾಗಿ ಮಾಡುವ ಯಂತ್ರವೇ ಇಲ್ಲಿ, ಒಂದು ಸಣ್ಣ ಅಭಾವದಿಂದಾಗಿ, ಪ್ರತಿ ನೆರೆಯವನಿಗೂ ಪ್ರತ್ಯೇಕವಾದ ಸೇವೆಯನ್ನು ಸಲ್ಲಿಸುವಂತಾಯಿತು. ಬೆಸಿಲರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಆದರೆ ಜಾನ್‌ಸ್ಟನ್ನರ ವಿಷಯದಲ್ಲಿ ಸಭೆ ನಿರಾಳವಾಗಿರುವಂತಿಲ್ಲ. ತೀವ್ರ ಮಾನಸಿಕ ಅಸ್ವಾಸ್ಥ್ಯವು ಅವರನ್ನು ಜೀವನವಿಡೀ ಕಾಡಿತು. ಅದು ಸೈತಾನನ ಭಯದ ರೂಪ ತಾಳಿತು. 1990ರಲ್ಲಿ ತಂದೆ ನಡೆಸುತ್ತಿದ್ದ ಸಣ್ಣ ವಿಮಾನದ ಕೀಲಿಯನ್ನು ಕಿತ್ತು ಹೊರಗೆಸೆದರು. ವಿಮಾನ ಮರಗಳ ಮೇಲೆ ಬಿದ್ದಿತು, ಇಬ್ಬರೂ ಬದುಕುಳಿದರು. ರೋಗಕ್ಕೆ ಸಭೆ ಕಾರಣವೆಂದು ಹೇಳುವುದು ಅನ್ಯಾಯ. ಆದರೆ ಆ ರೋಗ ಮಾತನಾಡಿದ ಭಾಷೆ ಸಭೆಯಿಂದ ಕಲಿತದ್ದು. ಇತ್ತ ಹೊರಗಿನ ಲೋಕವು ಅವರ ನಡುಗುವ ದನಿಯಲ್ಲಿ ‘ಶುದ್ಧತೆ’ಯನ್ನು ಕಂಡು ಆನಂದಿಸಿತು. 1992ರಲ್ಲಿ ಪ್ರಸಿದ್ಧ ಗಾಯಕ ಕರ್ಟ್ ಕೋಬೇನ್ ಅವರ ಚಿತ್ರವಿದ್ದ ಅಂಗಿ ತೊಟ್ಟು ಕಾಣಿಸಿಕೊಂಡಾಗ ಹೆಸರು ಎಲ್ಲೆಡೆ ಹಬ್ಬಿತು. ಒಂದು ದೊಡ್ಡ ಕಂಪನಿಯ ಒಪ್ಪಂದವನ್ನು ಅವರು ಸೈತಾನನ ಭಯದಿಂದಲೇ ನಿರಾಕರಿಸಿದರೆಂಬುದು ಒಂದು ದಂತಕಥೆಯಾಗಿ ಹರಡಿತು. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಹಗಲಿರುಳು ಕೂಗುತ್ತಿದ್ದ ಮನುಷ್ಯನ ಕೂಗಿನಲ್ಲಿ ಯಾರಾದರೂ ಸಂಗೀತವನ್ನು ಕೇಳಿ ಚಪ್ಪಾಳೆ ತಟ್ಟಿದ್ದರೆ ಹೇಗಿರುತ್ತಿತ್ತು? ಯೇಸು ಅವನನ್ನು ಗುಣಪಡಿಸಿದ ಮೇಲೆ ಶಿಷ್ಯನಾಗಿ ಜೊತೆಗೆ ಬರಲು ಕೂಡ ಬಿಡದೆ ಮನೆಗೆ, ಅವನ ಜನರ ಬಳಿಗೆ ಕಳುಹಿಸುತ್ತಾನೆ. ಜಾನ್‌ಸ್ಟನ್ನರನ್ನು ಕೊನೆಯವರೆಗೆ ಕಾಪಾಡಿದವರು ಅಭಿಮಾನಿಗಳಲ್ಲ. ಮುದುಕರಾಗಿಹೋಗಿದ್ದ ತಂದೆತಾಯಿಗಳು, ಒಡಹುಟ್ಟಿದವರು. ಮಗನ ಕ್ಯಾಸೆಟ್ಟುಗಳಲ್ಲಿ ತಾಯಿಯ ಗದರಿಕೆಯೂ ಮುದ್ರಿತವಾಗಿದೆ. ಅದನ್ನು ಹಾಸ್ಯವೆಂದು ಕೇಳುವವರಿದ್ದಾರೆ. ನನಗೆ ಅದರಲ್ಲಿ ಕೇಳಿಸುವುದು, ಏನು ಮಾಡಬೇಕೆಂದು ತೋಚದ ಒಂದು ವಿಶ್ವಾಸಿ ಮನೆ. ಇಂಥ ಮನೆಗಳು ನಮ್ಮ ಸಭೆಗಳಲ್ಲಿಯೂ ಇವೆ, ಮತ್ತು ಅವರು ವೈದ್ಯರಿಗಿಂತ ಮೊದಲು ಸಭಾಪಾಲಕರ ಬಾಗಿಲನ್ನು ತಟ್ಟುತ್ತಾರೆ.

ಈಗ ಈ ಲೇಖನದ ಮುಖ್ಯ ಕೃತಿಗೆ ಬರುತ್ತೇನೆ. ಎಮಹೊಯ್ ಸೆಗೆ ಮರ್ಯಾಮ್ ಗೆಬ್ರು ಅವರು 1923ರಲ್ಲಿ ಆಡಿಸ್ ಅಬಾಬದ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿದರು. ‘ಎಮಹೊಯ್’ ಎಂಬುದು ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಯಲ್ಲಿ ಸನ್ಯಾಸಿನಿಯರ ಗೌರವಪದ. ಆರರ ವಯಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಶಾಲೆಗೆ ಹೋಗಿ ಅಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಇಟಲಿಯು ದೇಶವನ್ನು ಆಕ್ರಮಿಸಿದಾಗ, 1937ರಲ್ಲಿ, ಕುಟುಂಬದೊಡನೆ ಅಸಿನಾರಾ ದ್ವೀಪಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. ಯುದ್ಧಾನಂತರ ಕೈರೊದಲ್ಲಿ ಮತ್ತೆ ಸಂಗೀತಾಭ್ಯಾಸ. ಲಂಡನ್ನಿನಲ್ಲಿ ಓದುವ ಅವಕಾಶ ಒದಗಿತ್ತು, ಆದರೆ ಸ್ವದೇಶದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಅನ್ನ ಬಿಟ್ಟು ಸಾವಿನ ಹತ್ತಿರ ಹೋಗಿ, ಕರ್ತನ ಭೋಜನವನ್ನು ಸ್ವೀಕರಿಸಿ, ಚೇತರಿಸಿಕೊಂಡ ಮೇಲೆ ಗಿಶೆನ್ ಮರ್ಯಾಮ್ ಬೆಟ್ಟದ ಮಠವನ್ನು ಸೇರಿ ಸುಮಾರು ಹತ್ತು ವರ್ಷ ಬರಿಗಾಲಿನಲ್ಲಿ ಬಾಳಿದರು. 1960ರ ದಶಕದಲ್ಲಿ ಪಿಯಾನೊ ಧ್ವನಿಮುದ್ರಿಕೆಗಳನ್ನು ಹೊರತಂದಾಗ ಅವುಗಳಿಂದ ಬಂದ ಹಣವನ್ನು ದಿಕ್ಕಿಲ್ಲದ ಮಕ್ಕಳಿಗಾಗಿ ಬಳಸಿದರು. ಬೆಸಿಲರ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಸಂಗೀತಗಾರರಲ್ಲಿ ವಿರಳ.

ನಮ್ಮ ವಿಚಾರಕ್ಕೆ ಬೇಕಾದದ್ದು ಇನ್ನೂ ಮುಂದಿನದು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರನ್ನು ಕೆಳಗಿಳಿಸಿ ದೆರ್ಗ್ ಎಂಬ ಸೈನಿಕ ಮಂಡಳಿ ಅಧಿಕಾರ ಹಿಡಿಯಿತು. 1977ರಿಂದ ‘ಕೆಂಪು ಭಯೋತ್ಪಾದನೆ’ ಎಂದು ಕುಖ್ಯಾತವಾದ ಹತ್ಯಾಕಾಂಡ ನಡೆಯಿತು. ಆರ್ಥೊಡಾಕ್ಸ್ ಸಭೆಯ ಕುಲಪತಿ ಅಬುನ ತೆಯೋಫಿಲೊಸರನ್ನು 1976ರಲ್ಲಿ ಪದಚ್ಯುತಗೊಳಿಸಿ 1979ರಲ್ಲಿ ಕೊಂದರು. ಅದೇ ವರ್ಷದ ಜುಲೈ 28ರಂದು ಮೆಕಾನೆ ಯೇಸುಸ್ ಸಭೆಯ ಪ್ರಧಾನ ಕಾರ್ಯದರ್ಶಿ ಗುದೀನ ತುಮ್ಸಾ ಅವರನ್ನು ಅದೇ ನಗರದಲ್ಲಿ ಅಪಹರಿಸಿ ಕೊಲ್ಲಲಾಯಿತು. ಆ ವರ್ಷಗಳಲ್ಲಿ, ಆ ನಗರದಲ್ಲಿ, ಕುಟು೦ಬದ ಮನೆಯೊಂದರಲ್ಲಿ ಪಿಯಾನೊದ ಮುಂದೆ ಕುಳಿತು ಎಮಹೊಯ್ ಅವರು ಟೇಪ್‌ರೆಕಾರ್ಡರಿಗೆ ಅಂಹರಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಪಿಯಾನೊ ವಾದಕಿಯೆಂದೇ ಲೋಕ ಬಲ್ಲ ಅವರ ಕಂಠವನ್ನು ಜಗತ್ತು ಕೇಳಿದ್ದು ‘ಸುವೆನೀರ್ಸ್’ ಎಂಬ ಹೆಸರಿನಲ್ಲಿ ಆ ಮುದ್ರಣಗಳು 2024ರಲ್ಲಿ ಹೊರಬಂದಾಗ. ಅದಕ್ಕೆ ಒಂದು ವರ್ಷ ಮುಂಚೆ, ತೊಂಬತ್ತೊಂಬತ್ತರ ವಯಸ್ಸಿನಲ್ಲಿ, ಅವರು ಯೆರೂಸಲೇಮಿನ ಇಥಿಯೋಪಿಯನ್ ಮಠದಲ್ಲಿ ತೀರಿಕೊಂಡಿದ್ದರು.

ಸಂಗೀತವನ್ನೇ ನೋಡುವುದಾದರೆ, ಅವರ ಹಿಂದಿನ ಪಿಯಾನೊ ಮುದ್ರಣಗಳು ಇವುಗಳಿಗಿಂತ ಪಕ್ವವಾದವು. ಕಂಠ ತೆಳು, ಕೆಲವೆಡೆ ಪಿಯಾನೊ ಅದನ್ನು ಮುಳುಗಿಸುತ್ತದೆ, ಟೇಪು ಮಂಕಾಗಿದೆ. ರಾಗಗಳು ಇಥಿಯೋಪಿಯದ ಐದು ಸ್ವರಗಳ ಪದ್ಧತಿಯವು, ನಮ್ಮ ಸಂಗೀತಶಾಸ್ತ್ರದ ಮಾತಿನಲ್ಲಿ ಔಡವ. ಎಡಗೈ ಯೂರೋಪಿನ ವಾಲ್ಟ್ಸ್ ನೃತ್ಯದ ಲಯವನ್ನು ಹಿಡಿದಂತೆ ಮಾಡಿ ಬಿಟ್ಟುಬಿಡುತ್ತದೆ; ಬಲಗೈ ತಾಳದ ಕಟ್ಟನ್ನು ಲೆಕ್ಕಿಸದೆ ದೇವಾಲಯದ ಪಠಣದಂತೆ ಹರಿಯುತ್ತದೆ. ಎರಡು ಸಂಪ್ರದಾಯಗಳನ್ನು ಬೆರೆಸಿದರೆನ್ನುವುದಕ್ಕಿಂತ ಎರಡರ ನಡುವಿನ ಬಾಗಿಲಲ್ಲಿ ಕುಳಿತು ನುಡಿಸಿದರೆನ್ನುವುದು ಸರಿ. ಸ್ಮೃತಿ ಎಂಬ ಅರ್ಥವುಳ್ಳ ‘ತಿಜಿತ’ ಎಂಬ ಮಾತು ಅಲ್ಲಿ ಒಂದು ರಾಗದ ಹೆಸರೂ ಹೌದು, ಅಗಲಿಕೆಯ ಹಾಡಿನ ಹೆಸರೂ ಹೌದು. ಆ ಭಾವ ಇಡೀ ಸಂಕಲನವನ್ನು ಆವರಿಸಿದೆ.

ಆದರೆ ನಾನು ಮತ್ತೆ ಮತ್ತೆ ಕೇಳಿದ್ದು ಸ್ವರಗಳನ್ನಲ್ಲ. ಕಿಟಕಿಯಾಚೆ ಹಕ್ಕಿಗಳಿವೆ. ಪಿಯಾನೊದ ಮುಂದಿನ ಪೀಠ ಕಿರುಗುಟ್ಟುತ್ತದೆ. ಯಂತ್ರದ ಗುಂಡಿಯನ್ನು ಬೆರಳು ಒತ್ತಿದ ಸದ್ದು ಮುದ್ರಿತವಾಗಿದೆ. ಸ್ಟುಡಿಯೊ ಆಗಿದ್ದರೆ ಇವನ್ನೆಲ್ಲ ಕಸವೆಂದು ಗುಡಿಸಿಬಿಡುತ್ತಿದ್ದರು. ವರ್ನನ್ನರ ಹಾಡಿನಲ್ಲಿ ಇರುವುದೆಲ್ಲ ಅವರು ಇಟ್ಟದ್ದು. ಇಲ್ಲಿ ಹಾಡುವವರು ಕರೆಯದ ಅತಿಥಿಗಳಿದ್ದಾರೆ. ಒಂದೇ ಮೈಕಿನ, ಒಂದೇ ಪದರದ ಮುದ್ರಣಕ್ಕೆ ತನ್ನ ಸುತ್ತಲಿನದನ್ನು ಹೊರಗಿಡುವ ಶಕ್ತಿಯಿಲ್ಲ. ತಾಂತ್ರಿಕವಾದ ಈ ದುರ್ಬಲತೆಯನ್ನು ನಾನು ದೈವಶಾಸ್ತ್ರೀಯವಾಗಿ ಓದಲು ಬಯಸುತ್ತೇನೆ: ನಗರ ಹೆದರಿ ಬಾಗಿಲು ಹಾಕಿಕೊಂಡಿದ್ದಾಗಲೂ ಈ ಕೋಣೆ ಸಂಪೂರ್ಣವಾಗಿ ಮುಚ್ಚಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಪ್ರಾರ್ಥಿಸಬೇಕೆಂಬ ಮತ್ತಾಯ 6:6ರ ಉಪದೇಶದ ಬೆನ್ನಿಗೇ ಬರುವ ಪ್ರಾರ್ಥನೆಯು ‘ನಮ್ಮ’ ಎಂಬ ಬಹುವಚನದಲ್ಲಿದೆಯೆಂಬುದನ್ನು ಇಲ್ಲಿ ನೆನೆಯಬೇಕು.

ಮತ್ತು ಆ ‘ನೀನು’? ಹಾಡುಗಳಲ್ಲೊಂದರ ಶೀರ್ಷಿಕೆ, ನೀನಿರುವ ನಾಡಿನಲ್ಲಿ ಬಿಸಿಲೋ ಮೋಡವೋ ಎಂದು ಕೇಳುವ ಪ್ರಶ್ನೆ. ದೇಶಬಿಟ್ಟು ಹೋದವರನ್ನು ಕುರಿತು, ಹೋಗದೆ ಉಳಿದವರೊಬ್ಬರು ಕೇಳುವ ಮಾತು. 137ನೆಯ ಕೀರ್ತನೆಯಲ್ಲಿ ಪರದೇಶದಲ್ಲಿ ಕುಳಿತವರು ಸ್ವದೇಶವನ್ನು ನೆನೆದು ಅಳುತ್ತಾರೆ, ಹಾಡಲಾರೆವೆನ್ನುತ್ತಾರೆ. ಎಮಹೊಯ್ ಅವರ ಸ್ಥಿತಿ ಇದಕ್ಕೆ ತಿರುಗುಮುರುಗು: ಸ್ವಂತ ಮನೆಯಲ್ಲಿ ಕುಳಿತವರಿಗೆ ನಾಡೇ ಪರದೇಶವಾಗಿದೆ, ಆದರೂ ಹಾಡುತ್ತಾರೆ. ಅವರೇ ಯೆರೂಸಲೇಮಿಗೆ ಹೊರಟುಹೋದದ್ದು ಆಮೇಲೆ. ಕೊಲೆಗಳ ಕಾಲದಲ್ಲಿ ಹವೆಯನ್ನು ವಿಚಾರಿಸುವುದು ಅಲ್ಪವೆಂದು ತೋರಬಹುದು. ಆದರೆ ದೂರದಲ್ಲಿರುವ ಮಕ್ಕಳೊಡನೆ ಫೋನಿನಲ್ಲಿ ಮಾತನಾಡುವ ನಮ್ಮ ತಾಯಂದಿರು ಮೊದಲು ಕೇಳುವುದೂ ಅದನ್ನೇ. ಹೇಳಲಾಗದ ಎಲ್ಲವನ್ನೂ ಆ ಪ್ರಶ್ನೆ ಹೊತ್ತು ಸಾಗುತ್ತದೆ. ಇದು ರಾಜಕೀಯದಿಂದ ತಪ್ಪಿಸಿಕೊಳ್ಳುವ ಹಾಡೆಂದು ಆಕ್ಷೇಪಿಸುವವರು ಇದ್ದಾರು. ಗುದೀನ ತುಮ್ಸಾ ಅವರ ಸಾಕ್ಷಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಸಾಕ್ಷಿ ಮೆಲ್ಲಗಿನದು ಎಂಬುದು ನಿಜ. ಮೆಲ್ಲಗಿನದೆಂದು ಅದನ್ನು ಸಾಕ್ಷಿಗಳ ಪಟ್ಟಿಯಿಂದ ತೆಗೆಯಲು ನಾನು ಒಪ್ಪುವುದಿಲ್ಲ.

ಕೊನೆಯ ಕೃತಿ ವಿಶ್ವಾಸದ ಹೊರಗಿನದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫಿಲ್ ಎಲ್ವರಂ ಅವರು ಯೌವನದಲ್ಲಿ ಏಕಾಂತವನ್ನು ಬಯಸಿ, ನಾರ್ವೆಯ ಉತ್ತರ ಭಾಗದ ಗುಡಿಸಲೊಂದರಲ್ಲಿ ಒಂದು ಚಳಿಗಾಲವನ್ನು ಒಬ್ಬರೇ ಕಳೆದಿದ್ದವರು. ಅದರಿಂದ ಹಾಡುಗಳೂ ಒಂದು ಪುಸ್ತಕವೂ ಬಂದವು. 2016ರ ಜುಲೈಯಲ್ಲಿ ಅವರ ಪತ್ನಿ, ಚಿತ್ರಕಥೆಗಾರ್ತಿ ಜೆನೆವೀವ್ ಕಾಸ್ಟ್ರೇ ಕ್ಯಾನ್ಸರಿನಿಂದ ತೀರಿಕೊಂಡಾಗ, ಅರಸದ ಏಕಾಂತ ಮನೆಗೇ ಬಂದಿತು. ಅವರು ಆಕೆ ಪ್ರಾಣಬಿಟ್ಟ ಕೋಣೆಯಲ್ಲಿ, ಬಹುಪಾಲು ಆಕೆಯ ವಾದ್ಯಗಳನ್ನೇ ನುಡಿಸಿ, ಮುದ್ರಿಸಿದ ‘ಎ ಕ್ರೋ ಲುಕ್ಡ್ ಅಟ್ ಮಿ’ 2017ರಲ್ಲಿ ‘ಮೌಂಟ್ ಈರಿ’ ಎಂಬ ಹೆಸರಿನಲ್ಲಿ ಹೊರಬಂದಿತು. ಹಾಡುಗಳಲ್ಲಿ ಅಲಂಕಾರವೇ ಇಲ್ಲ. ಸಾವು ನಿಜವಾದದ್ದು, ಅದನ್ನು ಕಲೆಯ ವಸ್ತುವಾಗಿ ಮಾಡಲಾಗದು ಎಂದು ಮೊದಲ ಹಾಡೇ ಸಾರುತ್ತದೆ. ಅದೇ ಹಾಡಿನಲ್ಲಿ ಆಕೆ ತೀರಿಕೊಂಡ ಒಂದು ವಾರದ ನಂತರ ಅಂಚೆಯಲ್ಲಿ ಒಂದು ಕಟ್ಟು ಬರುತ್ತದೆ. ಒಂದೂವರೆ ವರ್ಷದ ಮಗಳು ಮುಂದೊಂದು ದಿನ ಶಾಲೆಗೆ ಹೊತ್ತುಕೊಂಡು ಹೋಗಲೆಂದು ತಾಯಿ ತರಿಸಿದ್ದ ಚೀಲ ಅದು.

ಈ ಹಾಡುಗಳ ‘ನೀನು’ ಸತ್ತುಹೋದ ಪತ್ನಿ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕರೆಯುವ ಸಂಬೋಧನೆ. ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಇದರ ಜೊತೆಗೆ ಓದಬೇಕು. ಆ ಕೀರ್ತನೆಯೂ ಸಮಾಧಾನದ ಒಂದು ಮಾತಿಲ್ಲದೆ ನಿಲ್ಲುತ್ತದೆ; ಸತ್ತವರ ಲೋಕದಲ್ಲಿ ದೇವರ ಪ್ರೀತಿ ಸಾರಲ್ಪಡುವುದೇ ಎಂದು ದೇವರನ್ನೇ ಕೇಳುತ್ತದೆ. ವ್ಯತ್ಯಾಸವಿರುವುದು ಕೇಳುವ ದಿಕ್ಕಿನಲ್ಲಿ. ಕೀರ್ತನೆಗಾರನು ತನ್ನನ್ನು ಕೈಬಿಟ್ಟನೆಂದು ಭಾವಿಸಿದವನನ್ನೇ ಕರೆಯುತ್ತಾನೆ. ಎಲ್ವರಂ ಇಲ್ಲವಾದವಳನ್ನು ಕರೆಯುತ್ತಾರೆ. ನಮ್ಮವರು ಇಲ್ಲಿ ಅವಸರಪಟ್ಟು ಪುನರುತ್ಥಾನದ ವಾಗ್ದಾನವನ್ನು ತಂದು ಆ ಖಾಲಿ ಜಾಗದಲ್ಲಿ ಇಡಲು ನೋಡುತ್ತಾರೆ. ಸಾವಿನ ಮನೆಗೆ ಹೋದ ಎಳೆಯ ಸಭಾಪಾಲಕರು ಸಾಮಾನ್ಯವಾಗಿ ಮಾಡುವುದೂ ಇದನ್ನೇ: ಶುಕ್ರವಾರದಿಂದ ಒಂದೇ ಜಿಗಿತಕ್ಕೆ ಭಾನುವಾರಕ್ಕೆ ಹಾರುತ್ತಾರೆ. ನಡುವೆ ಒಂದು ಶನಿವಾರವಿದೆ. ಸುವಾರ್ತೆಗಳು ಆ ದಿನದ ಬಗ್ಗೆ ಬಹಳ ಕಡಿಮೆ ಹೇಳುತ್ತವೆ, ಆದರೆ ಅದನ್ನು ಬಿಟ್ಟುಬಿಡುವುದಿಲ್ಲ. ಪ್ರಲಾಪವನ್ನು ಬೋಧಿಸುವ ತರಗತಿಯಲ್ಲಿ ಈ ಮುದ್ರಿಕೆಯನ್ನು ಕೇಳಿಸಬಹುದೆಂದು ನನ್ನ ಅಭಿಪ್ರಾಯ. ಕೇಳಿಸಿದ ಮೇಲೆ ಕೂಡಲೇ ವ್ಯಾಖ್ಯಾನಕ್ಕೆ ಇಳಿಯಬಾರದು. ಅಂತ್ಯಕ್ರಿಯೆಯಲ್ಲಿ ಬಳಸುವ ಮಾತಂತೂ ಇಲ್ಲ. ಅದಕ್ಕೆ ಅದು ಒಗ್ಗುವುದಿಲ್ಲ, ಮಾಡಿದವರ ಉದ್ದೇಶಕ್ಕೂ ವಿರುದ್ಧ.

ಒಂದು ಅಂಶ ಉಳಿದಿದೆ. ಪತ್ನಿಯನ್ನೇ ಕರೆದು ಕೋಣೆಯೊಳಗೆ ಹಾಡಿಕೊಂಡದ್ದನ್ನು ಲೋಕಕ್ಕೆ ಕೊಟ್ಟಮೇಲೆ ನೆರೆಯವರು ಬಂದೇ ಬರುತ್ತಾರೆ, ಆದರೆ ಯಾವ ನೆರೆಯವರು? 2018ರಲ್ಲಿ ಹೊರಬಂದ ‘ನೌ ಓನ್ಲಿ’ ಎಂಬ ಮುಂದಿನ ಸಂಕಲನದಲ್ಲಿ ಎಲ್ವರಂ ಅವರು ಅರಿಜೋನದ ಮರುಭೂಮಿಯಲ್ಲಿ ನಡೆದ ಒಂದು ಸಂಗೀತೋತ್ಸವವನ್ನು ವಿವರಿಸುತ್ತಾರೆ. ಅಮಲಿನಲ್ಲಿದ್ದ ಯುವಜನರ ಗುಂಪಿನೆದುರು ತಮ್ಮ ಹೆಂಡತಿಯ ಸಾವಿನ ಹಾಡುಗಳನ್ನು ಹಾಡಲು ಅವರನ್ನು ವಿಮಾನದಲ್ಲಿ ಕರೆಸಿಕೊಂಡಿದ್ದರು. ಆ ಕೇಳುಗರನ್ನು ಏನೆಂದು ಕರೆಯಬೇಕೆಂದು ಅವರಿಗೂ ತಿಳಿದಂತಿಲ್ಲ. ಅವರು ಹಾಡಿದರು, ಆ ಯುವಜನರು ನಿಂತು ಕೇಳಿದರು.